ಬಸುರಿಯ ಆತಂಕ ಮತ್ತು ಸೊಳ್ಳೆಯ ಚರಿತ್ರೆ



2016ನೆಯ ಇಸವಿಯ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ. ಆಗ ನನ್ನ ನಿವೃತ್ತಿಗೆ ಇನ್ನೂ ಮೂರು ವರ್ಷ ಉಳಿದಿತ್ತು. ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆ. ಹತ್ತೂವರೆಯ ಸುಮಾರಿಗೆ ಬೆಂಗಳೂರಿನಿಂದ ನನ್ನ ತಂಗಿಯ ಮಗಳ ದೂರವಾಣಿ ಕರೆ ಬಂದಿತು. "ಮಾವ, ಮಲಗಿದ್ರಾ?" ಎಂದು ಕೇಳಿದ ಧ್ವನಿಯಲ್ಲಿಯೇ ಏನೋ ಆಗಿದೆಯೆಂದು ತಿಳಿಯಿತು.

ಸುದ್ದಿ ವಾಸ್ತವವಾಗಿ ಸಂತೋಷದ್ದೇ ಆಗಿತ್ತು. ಅವಳು ತಾಯಿಯಾಗಲಿದ್ದಳು, ಆರನೆಯ ವಾರವೆಂದು ವೈದ್ಯರು ಹೇಳಿದ್ದರು. ಆದರೆ ಅವಳು ಕಚೇರಿಯ ಕೆಲಸದ ಮೇಲೆ ಆಗಸ್ಟ್ ತಿಂಗಳ ಮಧ್ಯದಿಂದ ಮೂರು ವಾರ ಸಿಂಗಪುರದಲ್ಲಿದ್ದು ಬಂದವಳು. ಕೆಲವು ದಿನಗಳ ಮಟ್ಟಿಗೆ ಗಂಡನೂ ಅಲ್ಲಿಗೆ ಹೋಗಿದ್ದ. ಹೊರಡುವಾಗ ಗರ್ಭದ ಸುಳಿವೇ ಇರಲಿಲ್ಲ. ಅದೇ ಆಗಸ್ಟ್ 27ರಂದು ಸಿಂಗಪುರದಲ್ಲಿ ಸ್ಥಳೀಯವಾಗಿ ಹರಡಿದ ಮೊದಲ ಝೀಕಾ ಪ್ರಕರಣ ಪ್ರಕಟವಾಗಿ, ಕೆಲವೇ ದಿನಗಳಲ್ಲಿ ಸಂಖ್ಯೆ ನೂರನ್ನು ದಾಟಿತ್ತು. ಸೋಂಕಿತರಲ್ಲಿ 13 ಮಂದಿ ಭಾರತೀಯರೂ ಇದ್ದಾರೆಂದು ನಮ್ಮ ಪತ್ರಿಕೆಗಳಲ್ಲಿಯೂ ಬಂದಿತ್ತು. "ಕಾಲಿಗೆ ಸೊಳ್ಳೆ ಕಡಿದದ್ದು ನೆನಪಿದೆ ಮಾವ. ಜ್ವರವೇನೂ ಬರಲಿಲ್ಲ. ಆದರೆ ಜ್ವರ ಬರದೆಯೂ ಇರಬಹುದಂತೆ" ಎಂದಳು.

ಮೂವತ್ತು ವರ್ಷ ಪಾಠ ಹೇಳಿದವನಿಗೆ ಉತ್ತರ ನಾಲಿಗೆಯ ತುದಿಯಲ್ಲಿಯೇ ಇರುತ್ತದೆ. "ಸುಮ್ಮನೆ ಇಲ್ಲದ್ದನ್ನೆಲ್ಲ ಓದಿ ತಲೆ ಕೆಡಿಸಿಕೊಳ್ಳಬೇಡ" ಎಂದುಬಿಟ್ಟೆ. ಅವಳು ಸುಮ್ಮನಾದಳು. ಆ ಮೌನ ನನಗೆ ಸರಿಕಾಣಲಿಲ್ಲ. ಫೋನು ಇಟ್ಟ ಮೇಲೆ, ಒಳಮನೆಯಲ್ಲಿ ಮಲಗಿದ್ದ ನನ್ನ ತಾಯಿ ಕರೆದರು. ಎಂಬತ್ತು ದಾಟಿದ್ದರೂ ಕಿವಿ ಚುರುಕಾಗಿತ್ತು. "ಅವಳನ್ನು ಯಾಕೆ ಗದರಿದೆ? ಬಸುರಿ ಹೆಂಗಸು ಹೆದರಿದಾಗ ಯಾರೂ ಏನೂ ಅನ್ನಬಾರದು" ಎಂದರು. ಆಮೇಲೆ, ಅದುವರೆಗೆ ನಮಗೆ ಎಂದೂ ಹೇಳದಿದ್ದ ಒಂದು ಸಂಗತಿಯನ್ನು ಹೇಳಿದರು.

1951ರಲ್ಲಿ ಅಮ್ಮ ಬಯಲುಸೀಮೆಯಿಂದ ಮಲೆನಾಡಿನ ಮನೆಗೆ ಸೊಸೆಯಾಗಿ ಬಂದವರು. ಮರುವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಐದು ತಿಂಗಳ ಬಸುರಿ. ದಿನ ಬಿಟ್ಟು ದಿನ ಚಳಿಜ್ವರ. ನಾಲ್ಕು ಕಂಬಳಿ ಹೊದಿಸಿದರೂ ನಿಲ್ಲದ ನಡುಕ. ಕ್ವಿನೈನ್ ಕೊಟ್ಟರೆ ಗರ್ಭ ನಿಲ್ಲದೆಂದು ಹೆದರಿ ಮನೆಯವರು ಕೊಡಲಿಲ್ಲ. ಗರ್ಭ ಉಳಿಯಲಿಲ್ಲ. ಮುಸ್ಸಂಜೆಯಲ್ಲಿ ಹಳ್ಳ ದಾಟಿದ್ದಕ್ಕೆ ಸೋಕು ತಗುಲಿತೆಂದು ಕೆಲವರು, ಕಾಲ್ಗುಣವೆಂದು ಕೆಲವರು ಆಡಿಕೊಂಡರಂತೆ. ಅರವತ್ತನಾಲ್ಕು ವರ್ಷ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು ನಮ್ಮ ತಾಯಿ. ನಾನು ಚರಿತ್ರೆಯ ಮೇಷ್ಟರು. ನಮ್ಮ ಮನೆಯ ಈ ಚರಿತ್ರೆ ನನಗೆ ಗೊತ್ತಿರಲಿಲ್ಲ.

ಆ ರಾತ್ರಿಯ ನಂತರ ನಾನು ಈ ವಿಷಯವನ್ನು ಕ್ರಮವಾಗಿ ಓದಲಾರಂಭಿಸಿದೆ. ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಸೊಳ್ಳೆಗೂ ಕಾಯಿಲೆಗೂ ಸಂಬಂಧವುಂಟೆಂಬುದು ಬಹಳ ಹಳೆಯ ಜ್ಞಾನವೇನಲ್ಲ. ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿ ಹಳದಿಜ್ವರವನ್ನು ಹರಡುವುದು ಸೊಳ್ಳೆಯೆಂದು ಪ್ರತಿಪಾದಿಸಿದಾಗ ಹೆಚ್ಚಿನವರು ಒಪ್ಪಲಿಲ್ಲ. ಸುಮಾರು ಇಪ್ಪತ್ತು ವರ್ಷಗಳ ನಂತರ ಅಮೆರಿಕದ ವಾಲ್ಟರ್ ರೀಡ್ ನೇತೃತ್ವದ ತಂಡ ಪ್ರಯೋಗಗಳಿಂದ ಅದನ್ನು ದೃಢಪಡಿಸಿತು. ಈ ನಡುವೆ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡರು. ಅದಕ್ಕೆ ಎರಡು ವರ್ಷ ಮೊದಲು ಇದೇ ರಾಸ್ ನಮ್ಮ ಬೆಂಗಳೂರಿಗೆ ಕಾಲರಾ ನಿಯಂತ್ರಣದ ಕೆಲಸಕ್ಕಾಗಿ ಬಂದಿದ್ದರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ನಮ್ಮ ತಾಯಿಗೆ ಬಂದದ್ದು ಈ ಮಲೇರಿಯಾ. ಮಲೇರಿಯಾ ಸದಾ ಇರುವ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಪದೇಪದೇ ಜ್ವರ ಬಂದು ಅಷ್ಟಿಷ್ಟು ಪ್ರತಿರೋಧಶಕ್ತಿ ಕೂಡಿಬಂದಿರುತ್ತದೆ. ಬಯಲುಸೀಮೆಯಿಂದ ಹೊಸದಾಗಿ ಬಂದವರಿಗೆ ಅದು ಇರುವುದಿಲ್ಲ. ಮೇಲಾಗಿ ಗರ್ಭಿಣಿಯರಲ್ಲಿ, ಅದರಲ್ಲಿಯೂ ಚೊಚ್ಚಲ ಬಸುರಿನಲ್ಲಿ, ಆ ರೋಗಾಣುವಿರುವ ರಕ್ತಕಣಗಳು ಮಾಸಿನಲ್ಲಿ ಬಂದು ನೆಲೆಸುತ್ತವೆ. ಇದರಿಂದ ಗರ್ಭಪಾತ, ತಾಯಿಗೆ ರಕ್ತಹೀನತೆ, ಕಡಿಮೆ ತೂಕದ ಶಿಶುಜನನ ಉಂಟಾಗುತ್ತವೆ. ಅಮ್ಮ ಹಳ್ಳ ದಾಟಿದ್ದಕ್ಕೂ ಅವರ ಕಾಲ್ಗುಣಕ್ಕೂ ಇದರಲ್ಲಿ ಯಾವ ಪಾತ್ರವೂ ಇರಲಿಲ್ಲ. ಭಾರತ ಸರ್ಕಾರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದ್ದು 1953ರಲ್ಲಿ, ಆ ಗರ್ಭ ಹೋದ ಮರುವರ್ಷ. ಡಿಡಿಟಿ ಸಿಂಪಡಿಸುವವರು ಮನೆಮನೆಗೆ ಬರುತ್ತಿದ್ದುದನ್ನು ನನ್ನ ವಯಸ್ಸಿನವರು ಬಲ್ಲರು.

ಇನ್ನು ಝೀಕಾದ ವಿಷಯಕ್ಕೆ ಬರೋಣ. ಪೂರ್ವ ಆಫ್ರಿಕದ ಉಗಾಂಡಾ ದೇಶದ ಎಂಟೆಬ್ಬೆ ಎಂಬ ಪಟ್ಟಣದಲ್ಲಿ, ಹಳದಿಜ್ವರದ ಅಧ್ಯಯನಕ್ಕಾಗಿ ರಾಕ್‌ಫೆಲರ್ ಪ್ರತಿಷ್ಠಾನವು 1936ರಲ್ಲಿ ಒಂದು ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತ್ತು. ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯೊಡನೆ ಸೇರಿ ನಮ್ಮಲ್ಲಿ ಮಲೇರಿಯಾ ಅಧ್ಯಯನ ನಡೆಸಿದ್ದೂ ಇದೇ ಪ್ರತಿಷ್ಠಾನವೇ. ಎಂಟೆಬ್ಬೆಯ ಹತ್ತಿರ ಝೀಕಾ ಎಂಬ ಕಾಡು. ಅಲ್ಲಿನ ಮರಗಳ ಮೇಲಿನ ಅಟ್ಟಣೆಗಳಲ್ಲಿ ಪಂಜರಗಳನ್ನಿಟ್ಟು, ಸೊಳ್ಳೆ ಕಚ್ಚಲೆಂದು ಕೋತಿಗಳನ್ನು ಇರಿಸಿದ್ದರು. 1947ರ ಏಪ್ರಿಲ್‌ನಲ್ಲಿ 766ನೆಯ ಸಂಖ್ಯೆಯ ರೀಸಸ್ ಕೋತಿಗೆ ಜ್ವರ ಬಂದಿತು. ಈ ರೀಸಸ್ ಕೋತಿ ಆಫ್ರಿಕದ್ದಲ್ಲ, ಭಾರತವೂ ಸೇರಿದಂತೆ ಏಷ್ಯಾದ ಜಾತಿ. ಅದರ ರಕ್ತದಿಂದ ಒಂದು ಹೊಸ ವೈರಾಣು ದೊರೆಯಿತು. ಮರುವರ್ಷ ಅದೇ ಕಾಡಿನ ಸೊಳ್ಳೆಗಳಲ್ಲಿಯೂ ಸಿಕ್ಕಿತು. ಡಿಕ್, ಕಿಚನ್ ಮತ್ತು ಹ್ಯಾಡೋ ಎಂಬ ಮೂವರು ವಿಜ್ಞಾನಿಗಳು 1952ರಲ್ಲಿ ಇದನ್ನು ಪ್ರಕಟಿಸಿದರು. ಕಾಡಿನ ಹೆಸರೇ ವೈರಾಣುವಿನ ಹೆಸರಾಯಿತು. ನಮ್ಮ ತಾಯಿ ಮಲೆನಾಡಿನಲ್ಲಿ ಚಳಿಜ್ವರದಿಂದ ನಡುಗುತ್ತಿದ್ದುದೂ ಅದೇ 1952ರಲ್ಲಿ ಎಂಬುದನ್ನು ಓದುವಾಗ ನಾನು ಕ್ಷಣಕಾಲ ಪುಸ್ತಕ ಮುಚ್ಚಿಟ್ಟೆ.

ಆಮೇಲಿನ ಐವತ್ತೈದು ವರ್ಷ ಝೀಕಾ ಹೆಚ್ಚು ಸುದ್ದಿ ಮಾಡಲಿಲ್ಲ. ಪುಣೆಯಲ್ಲಿ 1952ರಲ್ಲಿ ಸ್ಥಾಪನೆಯಾದ ವೈರಾಣು ಸಂಶೋಧನಾ ಕೇಂದ್ರದ ಆರಂಭದ ಸಮೀಕ್ಷೆಗಳಲ್ಲಿ, ಭಾರತದ ಕೆಲವರ ರಕ್ತದಲ್ಲಿಯೂ ಇದರ ಪ್ರತಿಕಾಯಗಳು ಕಂಡಿದ್ದವು. ಆದರೆ ನಾಲ್ಕು ದಿನದ ಸಣ್ಣ ಜ್ವರ, ಮೈಮೇಲೆ ಕೆಂಪು ಗಂಧೆ, ಕೀಲುನೋವು, ಕಣ್ಣು ಕೆಂಪಾಗುವುದು, ಇಷ್ಟೇ ಲಕ್ಷಣಗಳಿರುವ ಕಾಯಿಲೆಗೆ ಯಾರು ಗಮನ ಕೊಡುತ್ತಾರೆ? 2007ರಲ್ಲಿ ಶಾಂತಸಾಗರದ ಯಾಪ್ ಎಂಬ ಪುಟ್ಟ ದ್ವೀಪದಲ್ಲಿ ಅದು ಹರಡಿತು. ಮೂರು ವರ್ಷಕ್ಕೆ ಮೇಲ್ಪಟ್ಟ ನಿವಾಸಿಗಳಲ್ಲಿ ನೂರಕ್ಕೆ 73 ಮಂದಿಗೆ ಸೋಂಕು ತಗುಲಿರಬಹುದೆಂದು ಅಂದಾಜಾಯಿತು. ಸತ್ತವರು ಒಬ್ಬರೂ ಇಲ್ಲ. 2013-14ರಲ್ಲಿ ಫ್ರೆಂಚ್ ಪಾಲಿನೇಷಿಯಾಕ್ಕೆ ಬಂದಾಗ ಕೆಲವರಲ್ಲಿ ಕೈಕಾಲುಗಳ ಬಲ ಕುಂದುವ ಗಿಲಾನ್-ಬಾರೆ ಎಂಬ ನರರೋಗ ಕಾಣಿಸಿಕೊಂಡಿತು. ಆಗಲೂ ಜಗತ್ತು ಅಷ್ಟಾಗಿ ಎಚ್ಚರಗೊಳ್ಳಲಿಲ್ಲ.

2015ರ ಮೊದಲ ತಿಂಗಳುಗಳಲ್ಲಿ ಈಶಾನ್ಯ ಬ್ರೆಜಿಲ್‌ನಲ್ಲಿ ಗಂಧೆಯ ಜ್ವರ ಹಬ್ಬಿತು. ಬಾಹಿಯಾ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕರು ಅದು ಝೀಕಾ ಎಂದು ಗುರುತಿಸಿದರು. ಡೆಂಗಿಗಿಂತ ಸೌಮ್ಯವಾದುದೆಂದು ಜನರು ಸಮಾಧಾನಪಟ್ಟರು. ಅದೇ ವರ್ಷದ ಉತ್ತರಾರ್ಧದಲ್ಲಿ ರೆಸಿಫೆ ನಗರದ ಹೆರಿಗೆಮನೆಗಳಲ್ಲಿ, ತಲೆಯ ಗಾತ್ರ ತೀರ ಚಿಕ್ಕದಾಗಿರುವ ಶಿಶುಗಳು ಒಂದಾದಮೇಲೊಂದರಂತೆ ಜನಿಸತೊಡಗಿದವು. ಮಕ್ಕಳ ನರರೋಗ ತಜ್ಞೆಯಾದ ವನೆಸ್ಸಾ ವಾನ್ ಡೆರ್ ಲಿಂಡೆನ್ ಮತ್ತು ಅದೇ ವೃತ್ತಿಯಲ್ಲಿದ್ದ ಅವರ ತಾಯಿ ಆನಾ, ಇಬ್ಬರೂ ತಾವು ಕಂಡ ಶಿಶುಗಳನ್ನು ಹೋಲಿಸಿ ನೋಡಿ ಸರ್ಕಾರದ ಗಮನಕ್ಕೆ ತಂದರು. ತಾಯಂದಿರನ್ನು ವಿಚಾರಿಸಿದಾಗ ಅನೇಕರು, ಬಸುರಿನ ಮೊದಲ ತಿಂಗಳುಗಳಲ್ಲಿ ಮೈಮೇಲೆ ಗಂಧೆ ಎದ್ದಿತ್ತೆಂದು ಹೇಳಿದರು. ನವೆಂಬರ್‌ನಲ್ಲಿ ಬ್ರೆಜಿಲ್ ಸರ್ಕಾರ ಆರೋಗ್ಯ ತುರ್ತುಸ್ಥಿತಿಯನ್ನು ಘೋಷಿಸಿತು. ಅದೇ ತಿಂಗಳು ಪರೈಬಾ ಪ್ರಾಂತ್ಯದ ಪ್ರಸೂತಿ ವೈದ್ಯೆ ಆಡ್ರಿಯಾನಾ ಮೆಲೋ ಅವರು, ಗರ್ಭಸ್ಥ ಶಿಶುವಿಗೆ ತೊಂದರೆ ಕಂಡಿದ್ದ ಇಬ್ಬರು ಸ್ತ್ರೀಯರ ಗರ್ಭಜಲವನ್ನು ಪರೀಕ್ಷೆಗೆ ಕಳುಹಿಸಲು, ಅದರಲ್ಲಿ ಝೀಕಾ ವೈರಾಣು ಪತ್ತೆಯಾಯಿತು.

2016ರ ಜನವರಿಯಲ್ಲಿ ಅಮೆರಿಕವು, ಗರ್ಭಿಣಿಯರು ಝೀಕಾ ಇರುವ ದೇಶಗಳ ಪ್ರವಾಸವನ್ನು ಮುಂದೂಡುವುದು ಒಳ್ಳೆಯದೆಂದು ಸೂಚಿಸಿತು. ಎಲ್ ಸಾಲ್ವಡಾರ್ ಸರ್ಕಾರವಂತೂ 2018ರವರೆಗೆ ಬಸುರಾಗುವುದನ್ನೇ ತಪ್ಪಿಸಿರೆಂದು ತನ್ನ ಸ್ತ್ರೀಯರಿಗೆ ಸಲಹೆ ನೀಡಿತು. ಫೆಬ್ರವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿಯನ್ನು ಘೋಷಿಸಿ, ನವೆಂಬರ್ 18ರಂದು ಹಿಂತೆಗೆದುಕೊಂಡಿತು. ನನ್ನ ಸೊಸೆಮಗಳ ದೂರವಾಣಿ ಕರೆ ಬಂದದ್ದು ಈ ಎರಡು ದಿನಾಂಕಗಳ ನಡುವೆ. "ಇಲ್ಲದ್ದನ್ನೆಲ್ಲ ಓದಬೇಡ" ಎಂದು ನಾನು ಹೇಳಿದಾಗ ಇಡೀ ಜಗತ್ತು ಅದನ್ನೇ ಓದುತ್ತಿತ್ತು.

ಬಸುರಿನ ಮೊದಲ ತಿಂಗಳುಗಳೇ ಏಕೆ ಹೆಚ್ಚು ಸೂಕ್ಷ್ಮ? ಮೊದಲ ಮೂರು ತಿಂಗಳಲ್ಲಿ ಶಿಶುವಿನ ಮೆದುಳಿನ ಮೂಲಕಣಗಳು ಬಲುವೇಗದಿಂದ ವೃದ್ಧಿಯಾಗುತ್ತಿರುತ್ತವೆ. ಝೀಕಾ ವೈರಾಣು ಮಾಸನ್ನು ದಾಟಿ ಹೋಗಿ ಆ ಕಣಗಳನ್ನೇ ಹಾಳುಮಾಡುತ್ತದೆ. ಅಡಿಪಾಯ ಹಾಕುವಾಗಲೇ ಕಲ್ಲು ಕದಲಿದಂತೆ. ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ಗರ್ಭಾವಸ್ಥೆಯಲ್ಲಿ ಸೋಂಕು ತಗುಲಿದ ತಾಯಂದಿರಿಗೆ ಜನಿಸಿದ ಮಕ್ಕಳಲ್ಲಿ ನೂರಕ್ಕೆ 5ರಿಂದ 15ರಷ್ಟು ಮಕ್ಕಳಲ್ಲಿ ತೊಂದರೆಗಳು ಕಂಡುಬರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಎಂದರೆ, ಸೋಂಕು ನಿಜವಾಗಿ ತಗುಲಿದ್ದರೂ ಬಹುಪಾಲು ಮಕ್ಕಳಲ್ಲಿ ಅಂತಹ ತೊಂದರೆ ಕಾಣುವುದಿಲ್ಲ. ಅಷ್ಟೇ ಅಲ್ಲದೆ, ಸೊಳ್ಳೆ ಕಡಿದವರಿಗೆಲ್ಲ ಸೋಂಕು ತಗುಲಿಯೇಬಿಡುತ್ತದೆಂದೂ ಇಲ್ಲ. ಈ ಅಂಕಿಗಳನ್ನು ಮೊದಲೇ ಬಲ್ಲವನಾಗಿದ್ದರೆ ಆ ರಾತ್ರಿ ನಾನು ಗದರುವ ಬದಲು ಸಮಾಧಾನವನ್ನೇ ಹೇಳಬಹುದಾಗಿತ್ತು.

ಇಲ್ಲಿ ಇನ್ನೊಂದು ಹಳೆಯ ಪ್ರಸಂಗವನ್ನು ಹೇಳಲೇಬೇಕು. 1941ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ವೈದ್ಯರಿದ್ದರು. ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆಯಿದ್ದ ಶಿಶುಗಳು ಅಸಾಧಾರಣ ಸಂಖ್ಯೆಯಲ್ಲಿ ಅವರ ಬಳಿಗೆ ಬರತೊಡಗಿದವು. ಇದೇಕೆಂದು ಅವರು ಯೋಚಿಸುತ್ತಿದ್ದಾಗ, ಹೊರಗಿನ ಕೋಣೆಯಲ್ಲಿ ಸರದಿಗಾಗಿ ಕುಳಿತಿದ್ದ ತಾಯಂದಿರು, ಬಸುರಿನಲ್ಲಿ ತಮಗೆ ಬಂದಿದ್ದ ಜರ್ಮನ್ ದಡಾರವನ್ನು ಕುರಿತು ಮಾತನಾಡಿಕೊಳ್ಳುತ್ತಿದ್ದುದು ಅವರ ಕಿವಿಗೆ ಬಿದ್ದಿತಂತೆ. ವಿಚಾರಿಸಿ ನೋಡಿದರೆ, 78 ಶಿಶುಗಳ ಪೈಕಿ 68 ಶಿಶುಗಳ ತಾಯಂದಿರಿಗೆ ಬಸುರಿನಲ್ಲಿ, ಅವರಲ್ಲಿ ಬಹುಮಂದಿಗೆ ಮೊದಲ ತಿಂಗಳುಗಳಲ್ಲಿಯೇ, ಆ ರೋಗ ಬಂದಿತ್ತು. ಅದು ಸೊಳ್ಳೆಯಿಂದ ಬರುವ ಕಾಯಿಲೆಯಲ್ಲ. ಆದರೆ ತಾಯಿಗೆ ಬರುವ ಒಂದು ಸಣ್ಣ ಜ್ವರ ಶಿಶುವಿಗೆ ದೊಡ್ಡ ಹಾನಿ ಮಾಡಬಲ್ಲುದೆಂಬುದು ವೈದ್ಯಲೋಕಕ್ಕೆ ಸ್ಪಷ್ಟವಾದದ್ದು ಅಂದೇ. ಮೊದಲು ಅನೇಕ ವೈದ್ಯರು ಅನುಮಾನಿಸಿದರು. ಇಂದು ಅದಕ್ಕೆ ಲಸಿಕೆಯಿದೆ. ಭಾರತದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಮೊದಲು ಆರಂಭವಾಯಿತು. ನಮ್ಮ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚುಚ್ಚುಮದ್ದು ಹಾಕಿಸುವ ಕೆಲಸದಲ್ಲಿ ನಾನೂ ಇದ್ದೆ. ಅಂದು ಅಳುತ್ತಿದ್ದ ನಿಮ್ಮಲ್ಲಿ ಕೆಲವರು ಇದನ್ನು ಓದುತ್ತಿರಬಹುದು! ಆ ದಿನ ನನಗೆ ಸಿಡ್ನಿಯ ಆ ತಾಯಂದಿರು ನೆನಪಾದರು.

ರೆಸಿಫೆಯಲ್ಲಿ ಆದದ್ದೂ ಹೀಗೆಯೇ. ಸಿಡ್ನಿಯಲ್ಲಿಯೂ ರೆಸಿಫೆಯಲ್ಲಿಯೂ ತಾಯಂದಿರ ನೆನಪಿನಿಂದಲೇ ವೈದ್ಯರಿಗೆ ದಾರಿ ತೋರಿತು. ಆ ತಾಯಂದಿರ ಮಾತನ್ನು ಯಾರೋ ಕುಳಿತು ಕೇಳಿಸಿಕೊಂಡರು ಎಂಬುದೇ ಈ ಚರಿತ್ರೆಯ ಮುಖ್ಯ ಪಾಠವೆಂದು ನಾನು ಭಾವಿಸಿದ್ದೇನೆ.

ನನ್ನ ಸೊಸೆಮಗಳ ಮಾತನ್ನು ಮೊದಲು ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ. ಅವಳು ಕಂಡ ಮೊದಲ ವೈದ್ಯರು "ಸೊಳ್ಳೆ ಕಡಿಯದ ಊರು ಯಾವುದಮ್ಮಾ?" ಎಂದು ನಕ್ಕರಂತೆ. ಬಂಧುಗಳಲ್ಲಿ ಕೆಲವರು "ಇಂಥ ಹೊತ್ತಿನಲ್ಲಿ ವಿದೇಶಕ್ಕೆ ಯಾಕೆ ಹೋಗಬೇಕಾಗಿತ್ತು?" ಎಂದರು. ಈ ಮಾತನ್ನು ಆಡಿದವರು ಇದನ್ನು ಓದುತ್ತಿರಬಹುದು. ಬೇಸರಿಸಬೇಡಿ, ಬಾಯಿಬಿಟ್ಟು ಆಡದಿದ್ದರೂ ನಾನೂ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡವನು. 1952ರ ಕಾಲ್ಗುಣದ ಮಾತಿಗೂ 2016ರ ಈ ಮಾತಿಗೂ ಏನು ವ್ಯತ್ಯಾಸ? ಎರಡರಲ್ಲಿಯೂ ಸೊಳ್ಳೆಯ ತಪ್ಪು ಹೆಣ್ಣಿನ ತಲೆಗೆ ಬಂದಿತು.

ಎರಡನೆಯ ಬಾರಿ ಅವಳು ಬೇರೊಬ್ಬ ವೈದ್ಯೆಯನ್ನು ಕಂಡಳು. ಅವರು ಎಲ್ಲಿಗೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಹೋಗಿದ್ದೆ, ಗಂಡನಿಗೆ ಜ್ವರ ಬಂದಿತ್ತೇ ಎಂದು ಕೇಳಿ ಬರೆದುಕೊಂಡರು. ಈ ವೈರಾಣು ಗಂಡನಿಂದ ಹೆಂಡತಿಗೂ ದಾಟಬಲ್ಲುದು. 2008ರಲ್ಲಿ ಸೆನೆಗಲ್‌ನಿಂದ ಹಿಂದಿರುಗಿದ ಅಮೆರಿಕದ ವಿಜ್ಞಾನಿಯೊಬ್ಬರಿಂದ ಅವರ ಪತ್ನಿಗೆ ಹೀಗೆ ಹರಡಿದ್ದು 2011ರಲ್ಲಿ ಪ್ರಕಟವಾಗಿತ್ತು. ಝೀಕಾ ಪರೀಕ್ಷೆಯ ಸೌಲಭ್ಯ ಆಗ ನಮ್ಮಲ್ಲಿ ಕೆಲವೇ ಪ್ರಯೋಗಾಲಯಗಳಲ್ಲಿತ್ತು. ದಿನಗಳು ಕಳೆದುಹೋಗಿದ್ದರೆ ವೈರಾಣು ಸಿಗುವುದಿಲ್ಲ. ಪ್ರತಿಕಾಯದ ಪರೀಕ್ಷೆಯಲ್ಲಿ ಡೆಂಗಿ ಮತ್ತು ಝೀಕಾ ಒಂದಕ್ಕೊಂದು ಗೊಂದಲವಾಗುವುದುಂಟು. ಇದನ್ನೆಲ್ಲ ಆಕೆ ಬಿಡಿಸಿ ಹೇಳಿ, "ಖಂಡಿತವಾಗಿ ಏನೂ ಆಗಿಲ್ಲವೆಂದು ನಾನು ಇವತ್ತೇ ಹೇಳಲಾರೆ. ಆದರೆ ಪ್ರತಿ ತಿಂಗಳೂ ನೋಡುತ್ತಾ ಹೋಗೋಣ" ಎಂದರಂತೆ. ಮೊದಲ ವೈದ್ಯರ ನಗುವಿಗಿಂತ ಈ ಮಾತೇ ಅವಳಿಗೆ ಹೆಚ್ಚು ಧೈರ್ಯ ಕೊಟ್ಟಿತು. ತಿಂಗಳು ತಿಂಗಳೂ ಸ್ಕ್ಯಾನಿಂಗ್ ನಡೆಯಿತು. ಪ್ರತಿ ಬಾರಿಯೂ ಅಮ್ಮ ದೇವರ ಮುಂದೆ ದೀಪ ಹಚ್ಚಿ, ಫೋನು ಬರುವವರೆಗೆ ಊಟ ಮಾಡುತ್ತಿರಲಿಲ್ಲ.

2017ರ ಮೇ ತಿಂಗಳಲ್ಲಿ ಹೆಣ್ಣುಮಗು ಹುಟ್ಟಿತು. ಆರೋಗ್ಯವಾಗಿತ್ತು. ಅದೇ ತಿಂಗಳಲ್ಲಿಯೇ, ಅಹಮದಾಬಾದಿನ ಮೂವರಿಗೆ ಝೀಕಾ ತಗುಲಿತ್ತೆಂಬ ಸುದ್ದಿ ಪ್ರಕಟವಾಯಿತು. ಪ್ರಯೋಗಾಲಯದಲ್ಲಿ ದೃಢಪಟ್ಟ ಭಾರತದ ಮೊದಲ ಪ್ರಕರಣಗಳವು. ಮೂವರಲ್ಲಿ ಒಬ್ಬಾಕೆ ತುಂಬು ಗರ್ಭಿಣಿ, ಇನ್ನೊಬ್ಬಾಕೆ ಬಾಣಂತಿ. ವಿದೇಶದ ಕಾಯಿಲೆ ಎಂದುಕೊಂಡದ್ದು ಆಗಲೇ ನಮ್ಮ ಮನೆಯಂಗಳದಲ್ಲಿಯೇ ಇದ್ದಿತು. ಬಳಿಕ 2018ರಲ್ಲಿ ಜೈಪುರದಲ್ಲಿ, 2021ರಲ್ಲಿ ಕೇರಳ ಮತ್ತು ಕಾನ್ಪುರದಲ್ಲಿ, 2024ರಲ್ಲಿ ಪುಣೆಯಲ್ಲಿ ಅನೇಕರಿಗೆ ತಗುಲಿತು. 2021ರಲ್ಲಿ ಕೇರಳದ ಮೊದಲ ಸೋಂಕಿತೆ ಗರ್ಭಿಣಿಯೇ; ಆಕೆಯ ಮಗು ಆರೋಗ್ಯವಾಗಿ ಜನಿಸಿತು. ನಮ್ಮ ರಾಜ್ಯದಲ್ಲಿ 2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯ ಐದು ವರ್ಷದ ಬಾಲಕಿಯಲ್ಲಿ ದೃಢಪಟ್ಟಿತು. ಮರುವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದ ಸೊಳ್ಳೆಗಳಲ್ಲಿ ವೈರಾಣು ಪತ್ತೆಯಾಯಿತು.

ಬ್ರೆಜಿಲ್‌ನ ಎಲ್ಲ ತಾಯಂದಿರ ಕಥೆ ನಮ್ಮ ಮನೆಯ ಕಥೆಯಂತೆ ಮುಗಿಯಲಿಲ್ಲವೆಂಬುದನ್ನು ಮರೆಯಲಾಗದು. ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು ಈ ಸೋಂಕಿನ ಪರಿಣಾಮಗಳೊಡನೆ ಜನಿಸಿದರು. ನಲ್ಲಿನೀರು ಸರಿಯಾಗಿ ಬಾರದ, ಡ್ರಮ್ಮುಗಳಲ್ಲಿ ನೀರು ತುಂಬಿಟ್ಟುಕೊಳ್ಳಲೇಬೇಕಾದ ಬಡವರ ಬಡಾವಣೆಗಳ ಮಕ್ಕಳೇ ಅವರಲ್ಲಿ ಹೆಚ್ಚು. ತಾಯಂದಿರು ಸಂಘ ಕಟ್ಟಿಕೊಂಡು ಹೋರಾಡಿದರು. ಹತ್ತು ವರ್ಷಗಳ ನಂತರ, 2025ರಲ್ಲಿ, ಆ ಮಕ್ಕಳಿಗೆ ಪರಿಹಾರ ಮತ್ತು ಜೀವಮಾನದ ಪಿಂಚಣಿ ನೀಡುವ ಕಾನೂನು ಅಲ್ಲಿ ಜಾರಿಗೆ ಬಂದಿತು.

ನಾನು ವೈದ್ಯನಲ್ಲ, ಚರಿತ್ರೆಯ ಮೇಷ್ಟರು. ಆದರೂ ಹಳೆಯ ಅಭ್ಯಾಸದಂತೆ ಪಾಠದ ಕೊನೆಯಲ್ಲಿ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಝೀಕಾಕ್ಕೆ ಇದುವರೆಗೆ ಬಳಕೆಗೆ ಬಂದ ಲಸಿಕೆಯಿಲ್ಲ. ಆದುದರಿಂದ ನಿಮ್ಮಲ್ಲಿ ವಿದೇಶಗಳಲ್ಲಿರುವವರು, ಹೋಗಿಬರುವವರು, ಬಸುರಿನ ಆಲೋಚನೆಯಿದ್ದರೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಝೀಕಾ ಇರುವ ಪ್ರದೇಶದಿಂದ ಬಂದ ಮೇಲೆ ಹೆಂಗಸರಾದರೆ ಎರಡು ತಿಂಗಳು, ಗಂಡಸರಾದರೆ ಮೂರು ತಿಂಗಳು ಎಚ್ಚರಿಕೆಯಿಂದಿರಬೇಕೆಂದು ಈಗಿನ ಸಲಹೆ. ಹೆಂಡತಿ ಬಸುರಿಯಾಗಿದ್ದರೆ ಹೆರಿಗೆಯವರೆಗೂ. ಬಂದ ಎರಡು ವಾರದೊಳಗೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರೆಂದು ತಪ್ಪದೆ ಹೇಳಿ. ಮಲೇರಿಯಾ ಇರುವ ದೇಶವಾದರೆ ಎಷ್ಟು ತಿಂಗಳ ನಂತರದ ಜ್ವರವಾದರೂ ಹೇಳಿ. ಡೆಂಗಿಯಲ್ಲವೆಂದು ಖಚಿತವಾಗುವ ಮುನ್ನ ಆಸ್ಪಿರಿನ್ ಮುಂತಾದ ಮಾತ್ರೆಗಳನ್ನು ನೀವಾಗಿಯೇ ನುಂಗಬೇಡಿ. ಈ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಡಿಯುವಂಥದು, ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುವಂಥದು. ಸಂಪಿನ ಮುಚ್ಚಳ, ಹೂಕುಂಡದ ತಟ್ಟೆ, ಹಿತ್ತಲಿನ ಎಳನೀರ ಬುರುಡೆ, ಹಳೆಯ ಟೈರು, ಇವುಗಳನ್ನು ವಾರಕ್ಕೊಮ್ಮೆ ನೋಡಿಕೊಳ್ಳಿ.

ಕೊನೆಯದಾಗಿ, ನಿಮ್ಮ ಮನೆಯಲ್ಲಿ ಯಾರಾದರೂ ಬಸುರಿ ಹೆಣ್ಣುಮಗಳು ರಾತ್ರಿ ಹತ್ತೂವರೆಗೆ ಫೋನು ಮಾಡಿ ಹೆದರಿಕೆಯಾಗಿದೆಯೆಂದರೆ, ನಾನು ಮಾಡಿದಂತೆ ಮಾಡಬೇಡಿ. ಕೇಳಿಸಿಕೊಳ್ಳಿ. ಮರುದಿನ ಅವಳ ಜೊತೆಗೆ ವೈದ್ಯರಲ್ಲಿಗೆ ಹೋಗಿ.

ಅಮ್ಮ ಈಗಿಲ್ಲ. ಆ ಮಗುವಿನ ನಾಮಕರಣದ ದಿನ ಅವರು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಹಳ ಹೊತ್ತು ಅದರ ತಲೆಯನ್ನು ಸವರುತ್ತಿದ್ದರು. ಅಂದು ಅವರು ನೆನೆಸಿಕೊಳ್ಳುತ್ತಿದ್ದುದು ಯಾವ ಮಗುವನ್ನೆಂದು ನಾನು ಕೇಳಲಿಲ್ಲ.

ಎಲ್ಲರಿಗೂ ಒಳ್ಳೆಯದಾಗಲಿ.

ನಿಮ್ಮ ಮೇಷ್ಟರು